ಹಲಗೆಯ ಮೇಲೆ ಒಂದು ಸುತ್ತು

ಟಣ್ ಎಂದು ಒಂದೇ ಏಟು. ಅಂಗೈಯಗಲದ ಕಲ್ಲೊಂದನ್ನು ಕಬ್ಬಿಣಕ್ಕೆ ಬಡಿದ ಸದ್ದು. ತೊಂಬತ್ತರ ದಶಕದ ನಡುವಿನ ಆ ಮುಂಗಾರನ್ನು ನೆನೆಯಲು ಹೊರಟರೆ ನನಗೆ ಮಳೆ ಕೇಳಿಸುವುದಿಲ್ಲ, ಟ್ರಾಕ್ಟರ್ ಕೇಳಿಸುವುದಿಲ್ಲ, ಈ ಟಣ್ ಮಾತ್ರ ಕೇಳಿಸುತ್ತದೆ. ಈಗಲೂ ಅಡುಗೆಮನೆಯಲ್ಲಿ ಯಾರಾದರೂ ಸೌಟನ್ನು ಪಾತ್ರೆಯ ಅಂಚಿಗೆ ಬಡಿದರೆ ನನ್ನ ಬೆನ್ನು ನೆಟ್ಟಗಾಗಿಬಿಡುತ್ತದೆ.

ನಮ್ಮ ಹೊಲದಲ್ಲಿ ಆ ಸದ್ದಿಗೆ ಒಂದು ಅರ್ಥವಿತ್ತು. ಅತ್ತೆ ಕೆಳಗಿಳಿದಿದ್ದಾರೆ, ಇನ್ನು ಟ್ರಾಕ್ಟರ್ ತನ್ನ ವೇಗದಲ್ಲಿ ಹೋಗಬಹುದು ಎಂದು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಟೇಬಲ್ ಮ್ಯಾನರ್ಸ್, ಎಲೊಕ್ಯೂಷನ್, ಸ್ವಲ್ಪ ಪಿಯಾನೋ. ಇಷ್ಟು ಆಸ್ತಿ ಹೊತ್ತುಕೊಂಡು ಸಂತೆಬಾಚಹಳ್ಳಿಯ ಆಚೆಗಿನ ಒಂದು ಊರಿಗೆ ಹಿರಿಸೊಸೆಯಾಗಿ ಬಂದೆ. ನನ್ನ ಗಂಡ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಲೆಕ್ಚರರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ಹೊಲ ನೋಡಿಕೊಳ್ಳುತ್ತಿದ್ದವನು ಮೈದುನ, ಅವನಿಗಿನ್ನೂ ಮದುವೆಯಾಗಿರಲಿಲ್ಲ. ನೋಡಿಕೊಳ್ಳುತ್ತಿದ್ದ ಎನ್ನುವುದು ಹೊರಗಿನವರಿಗೆ ಹೇಳುವ ಮಾತು. ಮಾವ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಆ ಹೊಲಕ್ಕೆ ಯಜಮಾನರೂ ಯಜಮಾನಿಯೂ ಅತ್ತೆಯೇ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದಿಲ್ಲ. "ಮೈಸೂರಮ್ಮ" ಎನ್ನುತ್ತಿದ್ದರು, ಅಷ್ಟೇ.

ಉಳುಮೆಗೆ ಬರುತ್ತಿದ್ದವರು ಪೇಟೆಯ ಒಬ್ಬ ಸಾಬರು. ಅವರ ಟ್ರಾಕ್ಟರಿನ ಮೂಲ ಬಣ್ಣ ಯಾವುದೆಂದು ಅವರಿಗೇ ಗೊತ್ತಿರಲಿಲ್ಲ. ಅದರ ಹಿಂದಿನ ಸಾಮಾನುಗಳು ಇನ್ನೂ ಹಳೆಯವು. ಅಷ್ಟು ಹೊತ್ತಿಗೆ ಬೇರೆಯವರ ಟ್ರಾಕ್ಟರುಗಳಲ್ಲಿ ಒಂದು ಲಿವರ್ ಎಳೆದರೆ ನೇಗಿಲು ತಾನೇ ಮೇಲೇಳುತ್ತಿತ್ತು. ಇವರದ್ದು ಹಾಗಲ್ಲ, ಎಲ್ಲವೂ ನೆಲದ ಮೇಲೇ ಎಳೆದುಕೊಂಡು ಬರಬೇಕು. ಹಗ್ಗ ಜಗ್ಗಿದರೆ ಏಳುವ ಒಂದು ಕಬ್ಬಿಣದ ನೇಗಿಲು. ಹೆಂಟೆ ಒಡೆಯಲು ಸಾಲಾಗಿ ಬಟ್ಟಲಿನಂಥ ತಟ್ಟೆಗಳನ್ನು ಪೋಣಿಸಿದ ಡಿಸ್ಕ್ ಹ್ಯಾರೋ. ಊರವರು ಅದನ್ನು ಬರೀ "ತಟ್ಟೆ" ಎನ್ನುತ್ತಿದ್ದರು. ಅದರ ನೆತ್ತಿಯ ಮೇಲೆ ಭಾರಕ್ಕೆಂದು ಕಲ್ಲು ತುಂಬುವ ಕಬ್ಬಿಣದ ತೊಟ್ಟಿ. ತಟ್ಟೆಯ ಹಿಂದೆ, ಉದ್ದನೆಯ ಸರಪಳಿಗೆ ಕಟ್ಟಿದ, ನೆಲ ಮಟ್ಟ ಮಾಡುವ ಮರದ ಹಲಗೆ. ಇಷ್ಟೂ ಒಟ್ಟಿಗೆ ಊರೊಳಕ್ಕೆ ಬರುವಾಗ ಜನ "ಸಾಬ್ರ ಮೆರವಣಿಗೆ ಬಂತು" ಎಂದು ನಗುತ್ತಿದ್ದರು. ಅತ್ತೆಗೆ ಮಾತ್ರ ಬೇರೆಯವರ ಟ್ರಾಕ್ಟರ್ ಆಗುತ್ತಿರಲಿಲ್ಲ. ಹೊಸ ಗಾಡಿಗಳು ಕುಪ್ಪಳಿಸುತ್ತವೆ, ಸಾಬರದ್ದು ಎತ್ತಿನ ಹಾಗೆ ಎಳೆಯುತ್ತದೆ ಎನ್ನುವುದು ಅವರ ವಾದ.

"ಏನ್ ಸಾಬ್ರೇ, ನಿಮ್ ಗಾಡಿ ಬರೋ ಹೊತ್ಗೆ ಮಳೆನೇ ಮುದುಕಿ ಆಗೋಯ್ತು."

"ಗಾಡಿನೂ ಮುದುಕಿನೇ ಅಮ್ಮಾ. ಮುದುಕೀರ್ನ ಓಡ್ಸಕ್ಕಾಯ್ತದಾ? ಕೈ ಇಡ್ಕೊಂಡು ನಡೆಸ್ಕೊಂಡ್ ಬಂದೆ."

"ಯಾರ್ಗಂದ್ರಿ ಮುದುಕಿ ಅಂತ?"

"ಗಾಡಿಗೆ ಕಣಮ್ಮಾ, ಅಲ್ಲಾನಾಣೆ."

ಪ್ರತಿ ವರ್ಷ ಇದೇ ಮಾತು, ಇದೇ ನಗು.

ಎತ್ತು ಕಟ್ಟಿ ಹೊಲ ಮಾಡುತ್ತಿದ್ದ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ರಾಗಿ ಬಿತ್ತುವ ಮುಂಚೆ, ಮಣ್ಣು ಹಿಟ್ಟಿನ ಹಾಗೆ ಆದ ಮೇಲೆ, ಮನೆಯ ಹೆಣ್ಣೊಬ್ಬಳು ಮಡಿಲಲ್ಲಿ ಒಂದು ಹಿಡಿ ಬಿತ್ತನೆ ರಾಗಿ ಕಟ್ಟಿಕೊಂಡು ಹಲಗೆಯ ಮೇಲೆ ಕೂತು ಹೊಲವನ್ನು ಒಂದು ಸುತ್ತು ಬರಬೇಕು. ಭೂಮಿತಾಯಿ ಮೊದಲು ಹೆಣ್ಣಿನ ಭಾರ ಹೊರಬೇಕು, ಆಮೇಲೆ ಬೀಜದ ಭಾರ ಎಂದು ಹೇಳುತ್ತಿದ್ದರು. ಮದುವೆಯಾದ ವರ್ಷದಿಂದ ಅತ್ತೆಯೇ ಕೂರುತ್ತಿದ್ದರಂತೆ. ಎತ್ತು ಹೋಗಿ ಟ್ರಾಕ್ಟರ್ ಬಂದರೂ ಅವರು ಬಿಡಲಿಲ್ಲ. ಸಾಬರು ಮೊದಲ ವರ್ಷ ನಕ್ಕೋ ನಕ್ಕೋ, ಬೇಡ ಬೇಡ ಎಂದು ಬಹಳ ಗೋಗರೆದರಂತೆ. ಕೊನೆಗೆ ಒಂದು ರಾಜಿಯಾಯಿತು. ಒಂದೇ ಸುತ್ತು, ಅದೂ ಮನುಷ್ಯ ನಡೆಯುವ ವೇಗದಲ್ಲಿ. ಸಾಬರು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಗಾಡಿ ಬಿಡಬೇಕು. ಸುತ್ತು ಮುಗಿದ ಮೇಲೆ ಗಾಡಿ ನಿಲ್ಲಬೇಕು, ಅತ್ತೆ ಇಳಿದು ತಟ್ಟೆಯ ಕಬ್ಬಿಣಕ್ಕೆ ಕಲ್ಲಿನಿಂದ ಒಂದು ಏಟು ಬಡಿಯಬೇಕು. ಆ ಟಣ್ ಕೇಳಿದ ಮೇಲೇ ಗೇರ್ ಬದಲಾಯಿಸುವುದು.

ಟು ಬಿ ಫ್ರ್ಯಾಂಕ್, ನನಗೆ ಇದೆಲ್ಲ ಚೆಂದದ ಫೋಕ್ ಕಸ್ಟಮ್ ಅನ್ನಿಸುತ್ತಿತ್ತು. ಮೈಸೂರಿಗೆ ಹೋದಾಗ ಹಳೆಯ ಗೆಳತಿಯರಿಗೆ ಹೇಳಿ ಬೆರಗು ಹುಟ್ಟಿಸುತ್ತಿದ್ದೆ.

ಆ ವರ್ಷ ಪುನರ್ವಸು ಮಳೆ ಹದವಾಗಿ ಹೊಯ್ದು ನಿಂತಿತ್ತು. ಹದ ಎಂದರೆ ಒದ್ದೆಯೂ ಅಲ್ಲದ, ಒಣಗಿಯೂ ಇಲ್ಲದ ಮಣ್ಣು. ಹಿಡಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಪುಡಿಯಾಗಬೇಕು. ಅದು ಹೆಚ್ಚು ಹೊತ್ತು ಕಾಯುವುದಿಲ್ಲ. ನಾನು ಮಧ್ಯಾಹ್ನ ಮುದ್ದೆ, ಉಪ್ಸಾರು ಹೊತ್ತುಕೊಂಡು ಹೊಲಕ್ಕೆ ಹೋದಾಗ ಮೂಡಲ ದಿಕ್ಕಿನಲ್ಲಿ ಕಪ್ಪು ಮೋಡ ಏರುತ್ತಿತ್ತು. ಹೊಲದ ಮೇಲಿನ ಅರ್ಧ ಮುಗಿದಿತ್ತು. ಕೆಳಗಿನ ಅರ್ಧ ಎರೆಮಣ್ಣು, ಇಳಿಜಾರು. ಅಲ್ಲಿ ಹೆಂಟೆಗಳು ತೆಂಗಿನಕಾಯಿಯ ಗಾತ್ರ ಬಿದ್ದಿದ್ದವು. ತಟ್ಟೆ ಅವುಗಳ ಮೇಲೆ ತೇಲುತ್ತಿತ್ತೇ ಹೊರತು ಕಚ್ಚುತ್ತಿರಲಿಲ್ಲ. ತೊಟ್ಟಿಯಲ್ಲಿದ್ದ ಕಲ್ಲುಗಳನ್ನು ಹಿಂದಿನ ದಿನ ಮೈದುನ ಕಿತ್ತುಹೋಗಿದ್ದ ಬದುವಿಗೆ ಹಾಕಿಬಿಟ್ಟಿದ್ದ.

"ಬುದ್ಧಿವಂತ ಕಣ್ಲಾ ನೀನು" ಎಂದು ಅತ್ತೆ ಅವನನ್ನು ಬೈಯುತ್ತಿದ್ದರು. "ಬದುನ ಬದುಕ್ಸಕ್ಕೋಗಿ ವಲ ಸಾಯಿಸ್ತೀಯ."

"ತಂದಾಕ್ತೀನಿ ಬುಡವ್ವ."

"ನೀ ತರೋಗಂಟ ಮಳೆ ನಿಮ್ಮಾವನ ಮನೇಲಿ ಕೂತ್ಕಂಡಿರ್ತದಾ?"

ಮೋಡ ನೋಡಿ ಅತ್ತೆ ಕೆಳಗಿನ ಅರ್ಧಕ್ಕೆ ಕಾಯದೆ, ಪುಡಿಯಾಗಿದ್ದ ಮೇಲಿನ ಅರ್ಧದಲ್ಲೇ ಎಂದಿನಂತೆ ಹಲಗೆಯ ಮೇಲೆ ಒಂದು ಸುತ್ತು ಬಂದರು. ಸಾಬರು ಎಂದಿನಂತೆ ಹಿಂದಕ್ಕೆ ನೋಡುತ್ತಲೇ ನಡೆಸಿದರು. ಗಾಡಿ ನಿಂತಿತು. ಕೆಳಗಿನ ಅರ್ಧ ಶುರುವಾಗುವಲ್ಲಿ ಅತ್ತೆ ಇಳಿದರು. ನಾನು ಬದುವಿನ ಮೇಲೆ ಕುಕ್ಕೆ ಇಳಿಸಿ ಊಟದ ತಟ್ಟೆ, ಲೋಟ ಜೋಡಿಸುತ್ತಿದ್ದೆ. ಟಣ್ ಎಂದು ಕೇಳಿಸಿತು. ತಲೆಯೆತ್ತಿ ನೋಡಿದರೆ ಅತ್ತೆ ಕಲ್ಲು ಬಡಿದವರು ಹಿಂದೆ ಸರಿಯಲಿಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕಬ್ಬಿಣದ ಚೌಕಟ್ಟಿಗೆ ಕಾಲು ಕೊಟ್ಟು, ಕಲ್ಲಿರಬೇಕಾದ ಆ ಖಾಲಿ ತೊಟ್ಟಿಯಲ್ಲಿ ತಾವೇ ಕೂತುಬಿಟ್ಟರು. ಎತ್ತಿನ ಕಾಲದಲ್ಲಿ ಹೆಂಟೆ ಒಡೆಯುವ ಮರದ ಹಲುಬೆ ಕಚ್ಚದಿದ್ದರೆ ಹಾಗೇ ತಾನೇ, ಯಾರಾದರೂ ಅದರ ಮೇಲೆ ಕೂರುತ್ತಿದ್ದರು. ಮರಕ್ಕೆ ಹೇಗೋ ಕಬ್ಬಿಣಕ್ಕೂ ಹಾಗೆ ಎಂದುಕೊಂಡಿರಬೇಕು.

ಟಣ್ ಕೇಳಿ ಮುಂದಕ್ಕೆ ತಿರುಗಿದ್ದ ಸಾಬರು ಗೇರ್ ಹಾಕಿ ಬಿಟ್ಟರು. ತಟ್ಟೆಗಳು ಕಚ್ಚಿದವು. ಹೆಂಟೆಗಳು ಪಟಪಟ ಒಡೆದವು. ಅತ್ತೆಯ ಮುಖದಲ್ಲಿ ನಗು ಇತ್ತು, ಅದನ್ನು ನಾನು ನೋಡಿದ್ದೇನೆ. ಕೂಗಬೇಕು ಎಂದು ಬಾಯಿ ತೆರೆದೆ. ಎಲೊಕ್ಯೂಷನ್‌ನಲ್ಲಿ ಪ್ರೈಜ್ ಪಡೆದ ಗಂಟಲು, ಒಂದು ಅಕ್ಷರ ಹೊರಬರಲಿಲ್ಲ.

ಅಷ್ಟರಲ್ಲಿ ಸಾಬರು ಹಿಂದಕ್ಕೆ ನೋಡಿದರು. ಅಭ್ಯಾಸ. ಅಷ್ಟು ವರ್ಷ ಹಿಂದೆ ನೋಡಿಕೊಂಡೇ ಮುಂದೆ ಹೋಗಿದ್ದ ಮನುಷ್ಯ. ತೊಟ್ಟಿಯಲ್ಲಿ ಅತ್ತೆಯನ್ನು ಕಂಡವರೇ ಎರಡೂ ಕಾಲಿನಿಂದ ಬ್ರೇಕ್ ತುಳಿದುಬಿಟ್ಟರು. ಗಾಡಿ ಗಕ್ಕನೆ ಹಿಡಿದು, ಇಳಿಜಾರಿನಲ್ಲಿ ಮತ್ತೆ ಒಂದು ಮಾರು ಜಾರಿತು. ಅತ್ತೆ ಮುಂದಕ್ಕೆ ಬಿದ್ದರು. ತಟ್ಟೆಗಳು ಇನ್ನೊಂದು ಉರುಳು ಉರುಳಿ ನಿಂತವು.

ಶಾಕ್ ಎನ್ನುವ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ. ಸೀರೆಯ ಬೆಲೆ ಕೇಳಿ ಶಾಕ್, ಯಾರೋ ದಪ್ಪಗಾಗಿದ್ದು ಕಂಡು ಶಾಕ್. ಅಂದು ನಾನು ಮೊದಲು ನೋಡಿದ್ದು ರಕ್ತವನ್ನಲ್ಲ. ಅತ್ತೆಯ ಮಡಿಲಿನಿಂದ ಚೆಲ್ಲಿದ ರಾಗಿ. ಅಯ್ಯೋ, ಬಿತ್ತನೆ ಕಾಳು ಎಂದುಕೊಂಡು ಅದನ್ನು ಆಯಲು ಕೈ ಚಾಚಿದೆ. ಎದುರಿಗೆ ಒಂದು ಜೀವ ಬಿದ್ದಿರುವಾಗ ನಾನು ಮಣ್ಣಿನಿಂದ ರಾಗಿ ಬಿಡಿಸುತ್ತಿದ್ದೆ. ಅತ್ತೆಯೂ ಚೀರಲಿಲ್ಲ. ತಟ್ಟೆಯ ಕೆಳಗಿದ್ದ ತಮ್ಮ ಬಲಗಾಲನ್ನೇ ಅಚ್ಚರಿಯಿಂದ ನೋಡಿ, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ತೋರಿಸುವ ಹಾಗೆ, "ನೋಡಮ್ಮಿ, ಕಾಲು" ಎಂದರು.

ಸಾಬರು ಇಳಿದು ಬಂದದ್ದು, ತಲೆಯ ವಸ್ತ್ರ ಬಿಚ್ಚಿ ಬಿಗಿದು ಕಟ್ಟಿದ್ದು, ಮೈದುನ ಅವರ ಕೆನ್ನೆಗೆ ಹೊಡೆದದ್ದು, ಅವರು ಕೈ ಅಡ್ಡ ಕೂಡ ತಾರದೆ "ಮೊದ್ಲು ಅಮ್ಮನ್ನ ಎತ್ತಪ್ಪ, ಆಮ್ಯಾಕೆ ಹೊಡಿ" ಎಂದದ್ದು, ಇವೆಲ್ಲ ಗಾಜಿನ ಆಚೆ ನಡೆದ ಹಾಗೆ ನೆನಪಿದೆ. ರಸ್ತೆಯಲ್ಲಿ ಬಂದ ಒಂದು ಮೆಟಡೋರ್ ನಿಲ್ಲಿಸಿ ಪೇಟೆಗೆ, ಅಲ್ಲಿಂದ ಮೈಸೂರಿಗೆ. ಅಲ್ಲಿ ಪಾದದ ಮುಂದಿನ ಅರ್ಧವನ್ನು ತೆಗೆಯಬೇಕಾಯಿತು.

ಅತ್ತೆ ಮಾತು ನಿಲ್ಲಿಸಿಬಿಟ್ಟರು. ಊಟ ಮಾಡುತ್ತಿದ್ದರು, ಕಣ್ಣು ಬಿಟ್ಟುಕೊಂಡೇ ಮಲಗುತ್ತಿದ್ದರು, ಮಾತಿಲ್ಲ. ಇತ್ತ ಊರಿನಲ್ಲಿ ಮೈದುನ ಟ್ರಾಕ್ಟರಿನ ಕೀ ಕಿತ್ತುಕೊಂಡಿದ್ದ. ಗಾಡಿ, ತಟ್ಟೆ, ಹಲಗೆ ಎಲ್ಲವೂ ಹೊಲದ ನಡುವೆ ಹಾಗೇ ನಿಂತು ಮಳೆಯಲ್ಲಿ ನೆನೆಯುತ್ತಿದ್ದವು. ಪೊಲೀಸ್ ಕಂಪ್ಲೇಂಟ್ ಕೊಡಲೇಬೇಕು ಎಂದು ಊರ ಜನ. ಸಾಬರ ಅನ್ನ ಆ ಗಾಡಿಯಲ್ಲಿತ್ತು. ಅದು ಅವರಿಗೆ ಮರಳುವುದೂ ಬಿಡುವುದೂ ಅತ್ತೆಯ ಬಾಯಿಂದ ಬರುವ ಮಾತಿನ ಮೇಲೆ ನಿಂತಿತ್ತು. ಅತ್ತೆಯ ಬಾಯಿ ಮುಚ್ಚಿತ್ತು.

ಒಂದು ಬೆಳಿಗ್ಗೆ ಮೈದುನ ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದ. "ಅವ್ವ, ಒಂದ್ ಮಾತೇಳು ಸಾಕು. ಅವ್ನು ನೋಡ್ದೆ ಓಡಿಸ್ಬುಟ್ಟ ಅಂತ ಏಳು. ಮಿಕ್ಕಿದ್ದು ನಾ ನೋಡ್ಕತೀನಿ."

ಅತ್ತೆ ತಿರುಗಿ ಅವನನ್ನು ನೋಡಿದರು. "ನೋಡ್ದೆ ಇದ್ದಿದ್ರೆ ನನ್ ಕಾಲು ಉಳೀತಿತ್ತು ಕಣ್ಲಾ. ನೋಡ್ದ. ಅದ್ಕೇ ಬ್ರೇಕ್ ಆಕ್ದ."

ನನ್ನ ಗಂಡ ಕನ್ನಡಕ ತೆಗೆದು ಒರೆಸತೊಡಗಿದರು.

"ವಲ ಏನಾಯ್ತು?" ಎಂದರು ಅತ್ತೆ.

"ಅರ್ಧಕ್ಕೇ ನಿಂತದೆ."

"ಹದ?"

"ಹೋಯ್ತವ್ವ. ಮಳೆ ಬಿದ್ದು ಮೇಲೆಲ್ಲ ಕಟ್ಕೊಂಡದೆ."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಕಾಲಿಗೆ ಒಂದು ಹನಿ ಸುರಿಸದವರು ಹದಕ್ಕೆ ಅತ್ತರು. ಅತ್ತು ಮುಗಿಸಿ, "ಕೀ ಕೊಟ್ಬುಡು ಅವರ್ಗೆ" ಎಂದರು.

ಕೀ ಸಿಕ್ಕಿತು, ಕೆಲಸ ಸಿಗಲಿಲ್ಲ. ಹೆಣ್ಣಿನ ರಕ್ತ ಕುಡಿದ ತಟ್ಟೆ ಅದು, ಬಿತ್ತುವ ನೆಲಕ್ಕೆ ಇಳಿಸಬಾರದು ಎಂದು ಒಬ್ಬರು ಹೇಳಿದರು, ಎಲ್ಲರೂ ನಂಬಿದರು. ಸಂತೆಬಾಚಹಳ್ಳಿಯಿಂದ ಹಿಡಿದು ನಾಗಮಂಗಲದ ಕಡೆಯ ಹೊಣಕೆರೆಯವರೆಗೆ ಅವರನ್ನು ಕರೆಯುತ್ತಿದ್ದ ಮನೆಗಳೆಲ್ಲ ಬಾಗಿಲು ಹಾಕಿಕೊಂಡವು. ಅತ್ತೆ ಊರಿಗೆ ಮರಳಿದ ಮೇಲೆ ಸಾಬರು ಒಂದು ದಿನ ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಜಗುಲಿಯ ಮೇಲೆ ಕೂರಲಿಲ್ಲ. ಕಂಬ ಹಿಡಿದು ನಿಂತೇ, "ಗುಜರಿಗೆ ಹಾಕ್ಬುಡ್ತೀನಿ ಅಮ್ಮಾ" ಎಂದರು.

"ಆಕಿ. ನನ್ ವಲ ಮುಗಿಸ್ಬುಟ್ಟು ಆಕಿ. ಅರ್ಧಕ್ಕೆ ಬುಟ್ಟೋಗಕ್ಕೆ ನಿಮ್ಗೇನ್ ಅಧಿಕಾರ ಅದೆ?"

"ಯಾರಾದ್ರೂ ಬೇರೆಯೋರ್ನ..."

"ಬೇರೆಯೋರ್ ಗಾಡಿ ಕುಪ್ಪಳಿಸ್ತದೆ."

ಸಾಬರು ನಗಲು ನೋಡಿದರು, ಆಗಲಿಲ್ಲ.

ಆಶ್ಲೇಷ ಮಳೆ ಬಿದ್ದು ನಿಂತ ಮೇಲೆ ಅವರು ಬಂದರು. ರಾಗಿಗೆ ತಡವಾಗಿತ್ತು, ಆದರೂ ಬರುತ್ತದೆ. ನನ್ನ ಗಂಡ, ಮೈದುನ ಇಬ್ಬರೂ ಅತ್ತೆಯನ್ನು ಮರದ ಕುರ್ಚಿಯಲ್ಲಿ ಕೂರಿಸಿ ಬದುವಿಗೆ ಹೊತ್ತು ತಂದರು. ಊರ ಜನವೂ ಬಂತು, ತಮಾಷೆ ನೋಡುವ ಹಾಗೆ ದೂರದಲ್ಲಿ ನಿಂತಿತು. ಈ ಸಲ ತೊಟ್ಟಿಯ ತುಂಬ ಕಲ್ಲಿತ್ತು. ತಟ್ಟೆ ಹೊಲವನ್ನು ಪುಡಿ ಮಾಡಿತು. ಇನ್ನು ಹಲಗೆಯೊಂದು ಬಾಕಿ ಎಂದಾಗ ಅತ್ತೆ ಕೈಯೆತ್ತಿ ಗಾಡಿ ನಿಲ್ಲಿಸಿದರು. ಮಡಿಲಿನಿಂದ ರಾಗಿಯ ಗಂಟು ತೆಗೆದು ನನ್ನ ಕಡೆ ಚಾಚಿದರು.

"ಕೂತ್ಕ ಮೈಸೂರಮ್ಮ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆ ತಟ್ಟೆಯ ಹಿಂದೆ, ಆ ಹಲಗೆಯ ಮೇಲೆ, ನಾನು. ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಇಂಗ್ಲಿಷಿನಲ್ಲೇ ಯೋಚಿಸಿದೆ. ಗಂಡ ನನ್ನ ಹತ್ತಿರ ಬಂದು ಮೆಲ್ಲಗೆ, "ಯೂ ಡೋಂಟ್ ಹ್ಯಾವ್ ಟು" ಎಂದರು.

ಸಾಬರು ಆಗಲೇ ಸೀಟಿನಿಂದ ಇಳಿದುಬಿಟ್ಟಿದ್ದರು. "ನಕ್ಕೋ ಅಮ್ಮಾ. ಕಾಲಿಗ್ ಬೀಳ್ತೀನಿ. ಕಲ್ಲಾಕಿ, ಮೂಟೆ ಆಕಿ, ಹೆಣ್ಮಕ್ಳು ಬ್ಯಾಡ. ಅವ್ರು ಕೂತ್ರೆ ನಾ ಗಾಡಿ ಹತ್ತಲ್ಲ."

ಅತ್ತೆ ಅವರಿಗೆ ಮಾತ್ರ ಕೇಳಿಸುವ ಹಾಗೆ ಹೇಳಲಿಲ್ಲ. ಬದುವಿನ ಆ ತುದಿಯ ಜನಕ್ಕೂ ಕೇಳಿಸುವ ಹಾಗೆ ಹೇಳಿದರು. "ಸಾಬ್ರೇ, ನಮ್ಮನೆ ಹೆಣ್ಣು ನಿಮ್ ಗಾಡಿ ಹಿಂದೆ ಇನ್ನೊಂದ್ಸಲ ಕೂರದೆ ಇದ್ರೆ ಈ ತಾಲ್ಲೂಕ್ನಾಗೆ ನಿಮ್ ತಟ್ಟೇನ ಯಾರೂ ಒಳಕ್ಕೆ ಬುಡಾಕಿಲ್ಲ. ನನ್ ಕಾಲು ಹೋಯ್ತು. ನಿಮ್ ಅನ್ನನೂ ಹೋಗ್ಬೇಕಾ? ಹತ್ತಿ."

ಆಗ ತಿಳಿಯಿತು, ಇದು ಭೂಮಿತಾಯಿಗೆ ಅಲ್ಲ, ಊರಿಗೆ ಎಂದು. ಸಾಬರು ನನ್ನನ್ನು ನೋಡಿದರು. ಬೇಡ ಅನ್ನಿ ತಾಯಿ ಎಂದು ಕಣ್ಣಿನಲ್ಲೇ ಬೇಡಿಕೊಂಡರು. ನಾನು ಗಂಟು ತೆಗೆದುಕೊಂಡೆ. ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ಆ ಕಣ್ಣುಗಳನ್ನೂ ಈ ಕುರ್ಚಿಯನ್ನೂ ನೋಡುತ್ತ ನಿಂತಿರುವುದಕ್ಕಿಂತ ಹೋಗಿ ಕೂರುವುದು ಸುಲಭವಾಗಿತ್ತು.

ಹಲಗೆ ಹೊರಟಿತು. ನಾನು ಮುಂದಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಸರಪಳಿಯ ಆಚೆ ತಟ್ಟೆಗಳು ತಿರುಗುತ್ತಿದ್ದವು, ಮಣ್ಣಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನನ್ನ ಕೆಳಗೆ ಉಳಿದಿದ್ದ ಸಣ್ಣ ಹೆಂಟೆಗಳು ಒಡೆಯುವುದು ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ಬದುವಿನಿಂದ ಅತ್ತೆಯ ದನಿ ಬರುತ್ತಿತ್ತು. "ಎಡಕ್ ವಾಲಮ್ಮಿ, ಎಡಕ್ಕೆ. ಅಲ್ ಉಬ್ಬದೆ." ವಾಲಿದೆ. ನನ್ನ ಭಾರಕ್ಕೆ ಮಣ್ಣು ಉಬ್ಬಿನಿಂದ ತಗ್ಗಿಗೆ ಸರಿಯಿತು. ಮೈಯೆಲ್ಲ ಧೂಳು, ಬಾಯಲ್ಲಿ ಮಣ್ಣಿನ ರುಚಿ.

ಆ ಇಡೀ ಸುತ್ತಿನಲ್ಲಿ ಸಾಬರು ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ನನಗೆ ಕಂಡದ್ದು ಅವರ ಬೆನ್ನು, ಬಿಗಿದ ಕತ್ತು, ಬೆವರಿನಿಂದ ಬೆನ್ನಿಗೆ ಅಂಟಿದ ಅಂಗಿ, ಅಷ್ಟೇ. ಯಾವ ಕತ್ತು ತಿರುಗಿಯೇ ಇರುತ್ತಿತ್ತೋ ಅದು ಮೊಳೆ ಹೊಡೆದ ಹಾಗೆ ಮುಂದಕ್ಕೆ ನಿಂತಿತ್ತು. ಗಾಡಿ ನಿಂತಿತು. ಇಳಿದೆ. ಕಲ್ಲು ಎತ್ತಿ ಬಡಿಯಬೇಕು. ಕಲ್ಲು ಕೈಯಿಂದ ಜಾರಿತು, ಮತ್ತೆ ಎತ್ತಿಕೊಂಡು ಬಡಿದೆ. ಆ ಟಣ್‌ಗೆ ಸಾಬರ ಎರಡೂ ಭುಜಗಳು, ಏಟು ತಮಗೇ ಬಿದ್ದ ಹಾಗೆ, ಮೇಲಕ್ಕೆ ಹಾರಿದವು. ಗಾಡಿ ಮಾತ್ರ ಹೊರಡಲಿಲ್ಲ. ನಾನು ಬದುವಿಗೆ ಬಂದು, "ಸಾಬ್ರೇ, ನಾನು ಇಲ್ಲಿದ್ದೀನಿ" ಎಂದು ಕೂಗುವವರೆಗೂ ಅವರು ಗೇರ್ ಹಾಕಲಿಲ್ಲ.

ಹೊಲ ಮುಗಿಯಿತು. ಆ ಸಂಜೆಯೇ ಜನರಲ್ಲಿ ಇಬ್ಬರು ಅವರನ್ನು ತಮ್ಮ ಹೊಲಕ್ಕೆ ಕರೆದರು. ಅತ್ತೆಗೆ ಆದ ಸಮಾಧಾನ ನೋಡಬೇಕಿತ್ತು, ಕುರ್ಚಿಯಲ್ಲೇ ನಿದ್ದೆ ಹೋದರು. ಆದರೆ ಸಾಬರು ಆ ಇಬ್ಬರ ಹೊಲಕ್ಕೂ ಹೋಗಲಿಲ್ಲವೆಂದು ನಮಗೆ ತಿಳಿದದ್ದು ಆಮೇಲೆ. ಗಾಡಿಯನ್ನು ಮಾರಿ, ಮನೆ ಮಂದಿಯನ್ನು ಕರೆದುಕೊಂಡು ಪೇಟೆಯನ್ನೇ ಬಿಟ್ಟುಹೋಗಿದ್ದರು. ಅತ್ತೆ ಇದನ್ನು ಬಹಳ ದಿನ ನಂಬಲಿಲ್ಲ. ಮುಂದಿನ ಮುಂಗಾರಿನಲ್ಲೂ ಮೈದುನ ಬೇರೆ ಟ್ರಾಕ್ಟರ್ ಗೊತ್ತು ಮಾಡಲು ಹೊರಟರೆ, "ತಡಿಯೋ, ಬತ್ತರೆ" ಎನ್ನುತ್ತಿದ್ದರು.

ಸಾಬರನ್ನು ನಾನು ಕೊನೆಯ ಸಲ ನೋಡಿದ್ದು ಶ್ರೀರಂಗಪಟ್ಟಣದಲ್ಲಿ, ಆ ದಶಕ ಮುಗಿಯುತ್ತ ಬಂದಿದ್ದಾಗ. ಯಾರದೋ ಮನೆಯ ಫಂಕ್ಷನ್‌ಗೆ ಹೋದವಳು ಪಾಂಡವಪುರದ ಬಸ್ಸು ಹಿಡಿಯಲು ಒಂದು ಗಲ್ಲಿಯಲ್ಲಿ ನಡೆಯುತ್ತಿದ್ದೆ. ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ ಹುಬ್ಬು, ರೆಪ್ಪೆ, ಗಡ್ಡ ಎಲ್ಲ ಬೂದುಬಣ್ಣಕ್ಕೆ ತಿರುಗಿದ ಒಬ್ಬರು ರಾಗಿ ಹಿಟ್ಟು ಚೀಲಕ್ಕೆ ತುಂಬುತ್ತಿದ್ದರು. ಅವರೇ ನನ್ನ ಗುರುತು ಹಿಡಿದರು.

"ಮೈಸೂರಮ್ಮೋರು ಅಲ್ವಾ?"

ಅಂಗಿಯಿಂದ ಸ್ಟೂಲ್ ಒರೆಸಿ ಕೂರಿಸಿದರು. ಮಿಷಿನ್ನಿನ ಸದ್ದಿಗೆ ಇಬ್ಬರೂ ಕೂಗಿಕೊಂಡೇ ಮಾತಾಡಿದೆವು. ಯಾಕೆ ಹೀಗೆ ಹೇಳದೆ ಹೊರಟುಹೋದಿರಿ ಎಂದೆ. "ಜನ ಕರೆದ್ರಮ್ಮಾ, ಅಮ್ಮನ ದಯೆ. ಗಾಡಿ ಹತ್ತಿದ್ರೆ ಕತ್ತು ತಿರುಗ್ತಿರ್ಲಿಲ್ಲ. ಹಿಂದೆ ಏನದೆ ಅಂತ ಭಯ. ನೋಡ್ದೆ ಓಡ್ಸೋನು ಡ್ರೈವರಾ? ಅಮ್ಮನ್ಗೆ ಯಾವ್ ಮುಖ ಇಟ್ಕೊಂಡ್ ಹೇಳ್ಳಿ?" ಎಂದರು. ಹೇಳಿದವರೇ, "ಅಮ್ಮ ಹೆಂಗವ್ರೆ? ಕೋಲಿಡ್ಕೊಂಡ್ ನಡೀತಾರಾ?" ಎಂದು ಕೇಳಿದರು.

ನಡೆಯುತ್ತಿದ್ದರು ಎಂದೆ. ಕೋಲು ಹಿಡಿದು ಹೊಲದವರೆಗೂ ಹೋಗುತ್ತಿದ್ದರು. ಹೋದ ಸುಗ್ಗಿಯಲ್ಲಿ ಹೋಗಿಬಿಟ್ಟರು ಎಂದೆ.

ಅವರು ಕೇಳಿಸಲಿಲ್ಲ ಎಂಬಂತೆ ಕಿವಿಗೆ ಕೈಯಿಟ್ಟರು. ನಾನು ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. ಸಾವನ್ನು ಹಾಗೆ ಗಂಟಲು ಹರಿಯುವಂತೆ ಕೂಗಿ ಹೇಳಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಅವರು ಎದ್ದು ಹೋಗಿ ಸ್ವಿಚ್ ಆರಿಸಿದರು. ಬೆಲ್ಟು ನಿಧಾನವಾಗಿ ನಿಂತಿತು. ಆ ದಿಢೀರ್ ನಿಶ್ಶಬ್ದದಲ್ಲಿ ಮಿಷಿನ್ನಿಗೆ ಕೈ ಊರಿ ಹಾಗೇ ನಿಂತರು. ತುಟಿ ಅಲುಗುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಸಾಲಿನಲ್ಲಿ ಡಬ್ಬ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಗೊಣಗಿದಳು. "ಏನ್ ಸಾಬ್ರೇ, ನನ್ ರಾಗಿ ಅರ್ಧಕ್ಕೆ ನಿಲ್ಸ್‌ಬುಟ್ರಲ್ಲ."

"ಆಯ್ತವ್ವ, ಆಯ್ತು" ಎಂದು ಅವರು ಸ್ವಿಚ್ ಹಾಕಿದರು. ನಾನು ಹೊರಡುತ್ತೇನೆ ಎಂದೆ. ಸದ್ದಿನಲ್ಲಿ ಅದು ಅವರಿಗೆ ಕೇಳಿಸಲಿಲ್ಲ. ಬಗ್ಗಿ ಆ ಹೆಂಗಸಿನ ರಾಗಿಯನ್ನು ಮಿಷಿನ್ನಿನ ಬಾಣಲೆಯಂಥ ಬಾಯಿಗೆ ಸುರಿಯುತ್ತಿದ್ದರು.